ರಿಪೋರ್ಟಿನಲ್ಲಿ ‘ಪಾಸಿಟಿವ್’ ಅಂದ್ರೆ ಒಳ್ಳೇದಾ? ಬೆಳೆರೋಗ ಪತ್ತೆಯ ಇಂಗ್ಲಿಷ್ ಪದಗಳು, ನಮ್ಮ ಮಾತಿನಲ್ಲಿ

ಈ ವಾರ ಗೊಬ್ಬರದ ಬಗ್ಗೆ ಬರೆಯುತ್ತಿಲ್ಲ, ಔಷಧಿ ಬಗ್ಗೆಯೂ ಅಲ್ಲ. ಪದಗಳ ಬಗ್ಗೆ ಬರೆಯುತ್ತಿದ್ದೇನೆ. ‘ಇಂಗ್ಲಿಷ್ ಕಲಿಯೋಕ್ಕೆ ಬೇರೆ ಕಡೆ ಹೋಗ್ತೀವಿ ಬಿಡಪ್ಪಾ’ ಅನ್ನಬೇಡಿ. ಒಂದು ಪದ ತಪ್ಪಾಗಿ ಅರ್ಥ ಮಾಡಿಕೊಂಡು ನಾನು ಒಂದೂವರೆ ಎಕರೆ ಟೊಮೆಟೊ ಕಳಕೊಂಡಿದ್ದೇನೆ. ಮೊದಲು ಆ ಕಥೆ ಕೇಳಿ.

ನಮ್ಮದು ಕೋಲಾರ ಜಿಲ್ಲೆ. 2016ರ ಬೇಸಿಗೆ. ಮೇಲಿನ ತಾಕಿನಲ್ಲಿ ಒಂದು ಎಕರೆ, ಕೆಳಗಿನ ತಾಕಿನಲ್ಲಿ ಒಂದೂವರೆ ಎಕರೆ ಟೊಮೆಟೊ ಹಾಕಿದ್ದೆವು. ನಾಟಿಯಾಗಿ ನಲವತ್ತು ದಿನಕ್ಕೆ ಮೇಲಿನ ತಾಕಿನ ಗಿಡಗಳು ಮಧ್ಯಾಹ್ನ ಬಾಡಿ, ಸಂಜೆ ಸುಧಾರಿಸಿಕೊಂಡು, ಮೂರನೇ ದಿನಕ್ಕೆ ಹಸಿರು ಹಸಿರಾಗೇ ನೆಲಕ್ಕೆ ಬಾಗಿದವು. ಅಂಗಡಿಯವರು ‘ಫಂಗಸ್ಸು’ ಅಂತ ಹೇಳಿ ಬುಡಕ್ಕೆ ಸುರಿಯೋ ಔಷಧಿ ಕೊಟ್ಟರು. ಎರಡು ಸಲ ಸುರಿದೆವು, ನಿಲ್ಲಲಿಲ್ಲ. ಕೊನೆಗೆ ಎರಡೂ ತಾಕಿನಿಂದ ಗಿಡ ಕಿತ್ತು ಲ್ಯಾಬಿಗೆ ಕೊಟ್ಟೆ.

ರಿಪೋರ್ಟ್ ಬಂತು. ಮೇಲಿನ ತಾಕಿನ ಮುಂದೆ ‘ಪಾಸಿಟಿವ್’ ಅಂತ ಬರೆದಿತ್ತು, ಕೆಳಗಿನದರ ಮುಂದೆ ‘ನೆಗೆಟಿವ್’. ಆಗಿನ್ನೂ ಕೊರೋನಾ ಬಂದಿರಲಿಲ್ಲ. ನನಗೆ ಪಾಸಿಟಿವ್ ಅಂದ್ರೆ ಒಳ್ಳೇದು, ನೆಗೆಟಿವ್ ಅಂದ್ರೆ ಕೆಟ್ಟದ್ದು ಅಂತಲೇ ತಲೆಯಲ್ಲಿದ್ದದ್ದು. ಪಿಯುಸಿ ಓದಿದವನು ನಾನು, ಯಾರನ್ನೂ ಕೇಳಲಿಲ್ಲ. ‘ಅಪ್ಪಾ, ಮೇಲಿನದು ಸುಧಾರಿಸುತ್ತೆ, ಕೆಳಗಿನದಕ್ಕೇ ರೋಗ ಇರೋದು’ ಅಂದೆ. ಮೇಲಿನ ತಾಕಿನಲ್ಲಿದ್ದ ಡ್ರಮ್ಮು, ಪೈಪು, ಗುದ್ದಲಿ ಎಲ್ಲ ಕೆಸರು ಸಮೇತ ಕೆಳಗೆ ಎಳಕೊಂಡು ಹೋಗಿ, ಚೆನ್ನಾಗಿದ್ದ ಗಿಡಗಳ ಬುಡಕ್ಕೆ ಔಷಧಿ ಸುರಿದೆವು. ಮೇಲಿನ ತಾಕಿನ ಕಾಲುವೆ ನೀರನ್ನೂ ಕೆಳಗೇ ಬಿಟ್ಟೆವು. ಮೂರು ವಾರಕ್ಕೆ ಕೆಳಗಿನ ತಾಕೂ ಬಾಡಿತು.

ಆಮೇಲೆ ಒಬ್ಬ ಕೃಷಿ ಅಧಿಕಾರಿ ರಿಪೋರ್ಟ್ ಓದಿ, ‘ಅಲ್ಲಯ್ಯಾ, ಕೆಳಗಿನದು ಕ್ಲೀನ್ ಇತ್ತಲ್ಲೋ, ರೋಗವನ್ನ ನೀನೇ ಹೊತ್ಕೊಂಡು ಹೋಗಿ ಬಿಟ್ಟಿದ್ದೀಯ’ ಅಂದರು. ಅಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಸುಲಭವಾಗ್ತಿತ್ತು.

ಅವತ್ತಿನಿಂದ ಒಂದು ನೋಟ್ ಪುಸ್ತಕದಲ್ಲಿ ಇಂಥ ಪದಗಳನ್ನು ಬರೆದಿಟ್ಟುಕೊಂಡು ಬಂದಿದ್ದೇನೆ. ಈಗ ಎಲ್ಲರ ಕೈಯಲ್ಲೂ ಫೋನಿದೆ. ಆ್ಯಪಿನಲ್ಲಿ, ಯೂಟ್ಯೂಬಿನಲ್ಲಿ, ಔಷಧಿ ಡಬ್ಬದ ಮೇಲೆ ಈ ಪದಗಳು ದಿನಾ ಎದುರಾಗುತ್ತವೆ. ಸ್ಪೆಲ್ಲಿಂಗ್ ಬೇಡ, ಅರ್ಥ ಗೊತ್ತಿದ್ದರೆ ಸಾಕು. ಒಂದೊಂದಾಗಿ ನೋಡೋಣ.

ಮೊದಲು, ಗಿಡ ನೋಡುವಾಗ ಬರುವ ಪದಗಳು

ಸಿಂಪ್ಟಮ್ ಅಂದರೆ ರೋಗಲಕ್ಷಣ. ರೋಗ ಬಂದ ಮೇಲೆ ಗಿಡ ತೋರಿಸುವ ಬದಲಾವಣೆ: ಹಳದಿಯಾಗುವುದು, ಬಾಡುವುದು, ಎಲೆ ಮುದುಡುವುದು. ಸೈನ್ ಅನ್ನೋದು ಬೇರೆ. ರೋಗ ತರುವ ಜೀವಿಯೇ ಕಣ್ಣಿಗೆ ಕಾಣಿಸಿದರೆ ಅದು ಸೈನ್. ದ್ರಾಕ್ಷಿ ಎಲೆ ಮೇಲಿನ ಬೂದಿಯಂಥ ಪುಡಿ ಸೈನ್, ಯಾಕಂದ್ರೆ ಆ ಪುಡಿಯೇ ಶಿಲೀಂಧ್ರ. ಸಿಂಪ್ಟಮ್ ಒಂದೇ ಥರ ಇದ್ದು ಕಾರಣ ಹತ್ತು ಇರಬಹುದು. ಎಲೆ ಹಳದಿಯಾಗೋದಕ್ಕೆ ವೈರಸ್ಸೂ ಕಾರಣ ಆಗಬಹುದು, ಕಬ್ಬಿಣದ ಕೊರತೆಯೂ ಆಗಬಹುದು, ಬುಡದಲ್ಲಿ ನೀರು ನಿಂತದ್ದೂ ಆಗಬಹುದು. ಸೈನ್ ಸಿಕ್ಕರೆ ಅನುಮಾನ ಬಹಳ ಕಡಿಮೆಯಾಗುತ್ತದೆ.

ಡಿಸೀಸ್ ಮತ್ತು ಡಿಸಾರ್ಡರ್. ಡಿಸೀಸ್ ಅಂದರೆ ಜೀವಿಯಿಂದ ಬರೋ ರೋಗ, ಹರಡುತ್ತೆ. ಡಿಸಾರ್ಡರ್ ಅಂದರೆ ಪೋಷಕಾಂಶ, ನೀರು, ಹವಾಮಾನದ ಏರುಪೇರಿನಿಂದ ಬರೋ ತೊಂದರೆ, ಗಿಡದಿಂದ ಗಿಡಕ್ಕೆ ಹರಡಲ್ಲ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆತಂತೆ ಆಗುತ್ತಲ್ಲ, ಅದು ಡಿಸಾರ್ಡರ್. ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ಆಗೋದು, ಹೆಚ್ಚಾಗಿ ನೀರು ಒಂದು ದಿನ ಜಾಸ್ತಿ ಒಂದು ದಿನ ಕಡಿಮೆ ಆದಾಗ. ಇದಕ್ಕೆ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ.

ಇನ್ನು ರೋಗದ ಹೆಸರಿನ ಕೊನೆಯಲ್ಲಿ ಬರೋ ಚಿಕ್ಕ ಪದಗಳು. ಇವು ಗೊತ್ತಿದ್ದರೆ ಹೆಸರು ಕೇಳಿದ ತಕ್ಷಣ ಅರ್ಧ ವಿಷಯ ಗೊತ್ತಾಗುತ್ತೆ:

- ವಿಲ್ಟ್: ಸೊರಗುವುದು, ಬಾಡುವುದು. ಬೇರು ಅಥವಾ ನೀರು ಸಾಗಿಸುವ ನಾಳದಲ್ಲಿ ತೊಂದರೆ.
- ಬ್ಲೈಟ್: ಅಂಗಮಾರಿ. ಎಲೆ, ಹೂವು, ಚಿಗುರು ಸುಟ್ಟಂತೆ ಬೇಗ ಬೇಗ ಒಣಗುವುದು.
- ಲೀಫ್ ಸ್ಪಾಟ್: ಎಲೆಚುಕ್ಕಿ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಪದ ಹೇಳಿಕೊಡಬೇಕಾಗಿಲ್ಲ.
- ರಾಟ್: ಕೊಳೆ. ರೂಟ್ ರಾಟ್ ಅಂದರೆ ಬೇರು ಕೊಳೆ, ಫ್ರೂಟ್ ರಾಟ್ ಅಂದರೆ ಕಾಯಿ ಕೊಳೆ.
- ರಸ್ಟ್: ತುಕ್ಕು ರೋಗ. ಬೆರಳಲ್ಲಿ ಒರೆಸಿದರೆ ತುಕ್ಕಿನ ಬಣ್ಣ ಅಂಟುತ್ತೆ.
- ಮಿಲ್ಡ್ಯೂ: ಪೌಡರಿ ಮಿಲ್ಡ್ಯೂ ಬೂದಿ ರೋಗ, ಡೌನಿ ಮಿಲ್ಡ್ಯೂ ಕೇದಿಗೆ ಅಥವಾ ಬೂಜು ತುಪ್ಪಟ ರೋಗ. ಎರಡೂ ಬೇರೆ ಬೇರೆ, ಔಷಧಿಯೂ ಬೇರೆ.
- ಕರ್ಲ್ ಮತ್ತು ಮೊಸಾಯಿಕ್: ಎಲೆ ಮುದುಡುವುದು, ಎಲೆ ಮೇಲೆ ಹಸಿರು ಹಳದಿ ಚಿತ್ತಾರ. ಈ ಎರಡು ಪದ ಕಂಡರೆ ಹೆಚ್ಚಿನ ಸಲ ವೈರಸ್ ಅಂತ ಅನುಮಾನಿಸಿ.

ಎರಡನೇದು, ‘ಯಾರು ಕಾರಣ’ ಅನ್ನೋ ಪದಗಳು

ಪ್ಯಾಥೋಜನ್ ಅಂದರೆ ರೋಗಕಾರಕ. ಇದರಲ್ಲಿ ಮುಖ್ಯವಾಗಿ ಫಂಗಸ್ ಅಂದರೆ ಶಿಲೀಂಧ್ರ, ಬ್ಯಾಕ್ಟೀರಿಯಾ ಅಂದರೆ ದುಂಡಾಣು, ವೈರಸ್ ಅಂದರೆ ನಂಜಾಣು, ನೆಮಟೋಡ್ ಅಂದರೆ ಜಂತುಹುಳು. ಹೋಸ್ಟ್ ಅಂದರೆ ಆ ರೋಗಕ್ಕೆ ಮನೆ ಕೊಡೋ ಗಿಡ. ವೆಕ್ಟರ್ ಅಂದರೆ ರೋಗವನ್ನು ಹೊತ್ತು ತರುವ ವಾಹಕ. ಟೊಮೆಟೊ ಎಲೆ ಮುದುಡು ವೈರಸ್ಸಿಗೆ ಬಿಳಿನೊಣ ವೆಕ್ಟರ್. ಬಾಳೆಯ ಬಂಚಿ ಟಾಪ್ ವೈರಸ್ಸಿಗೆ ಬಾಳೆ ಹೇನು ವೆಕ್ಟರ್.

ಈ ಪದಗಳು ಯಾಕೆ ಬೇಕು ಅಂದ್ರೆ, ಔಷಧಿಯ ಹೆಸರಿನ ಒಳಗೇ ಅವು ಕೂತಿವೆ. ಫಂಗಿಸೈಡ್ ಶಿಲೀಂಧ್ರಕ್ಕೆ, ಇನ್ಸೆಕ್ಟಿಸೈಡ್ ಕೀಟಕ್ಕೆ, ನೆಮಟಿಸೈಡ್ ಜಂತುಹುಳಕ್ಕೆ. ‘ಸೈಡ್’ ಅಂದರೆ ಕೊಲ್ಲೋದು. ಗಮನಿಸಿ, ‘ವೈರಸ್‌ಸೈಡ್’ ಅಂತ ಹೊಲಕ್ಕೆ ಹೊಡೆಯೋ ಔಷಧಿ ಇಲ್ಲ. ವೈರಸ್ ಗಿಡದೊಳಗೆ ಸೇರಿದ ಮೇಲೆ ಅದನ್ನು ವಾಸಿ ಮಾಡೋ ಸಿಂಪಡಣೆ ಇಲ್ಲ. ನಾವು ಮಾಡೋದೆಲ್ಲ ವೆಕ್ಟರ್ ತಡೆಯೋದು, ರೋಗದ ಗಿಡ ಕೀಳೋದು, ಆರೋಗ್ಯವಂತ ಸಸಿ ತರೋದು. ಯಾರಾದರೂ ‘ವೈರಸ್ಸಿಗೆ ಗ್ಯಾರಂಟಿ ಔಷಧಿ’ ಅಂದರೆ, ‘ಇದು ವೈರಸ್ಸಿಗೋ, ವೆಕ್ಟರಿಗೋ?’ ಅಂತ ಒಂದೇ ಪ್ರಶ್ನೆ ಕೇಳಿ ನೋಡಿ.

ನನ್ನ ಟೊಮೆಟೊಗೆ ಬಂದಿದ್ದು ಬ್ಯಾಕ್ಟೀರಿಯಲ್ ವಿಲ್ಟ್, ದುಂಡಾಣು ಸೊರಗು ರೋಗ. ರಾಲ್‌ಸ್ಟೋನಿಯಾ ಅನ್ನೋ ಬ್ಯಾಕ್ಟೀರಿಯಾ ಮಣ್ಣಿನಿಂದ ಬೇರಿನೊಳಗೆ ಹೋಗಿ ನೀರಿನ ನಾಳವನ್ನೇ ಕಟ್ಟಿಹಾಕುತ್ತೆ. ಅದಕ್ಕೇ ಎಲೆ ಹಳದಿಯಾಗೋಕ್ಕೂ ಮುಂಚೆ ಹಸಿರಾಗೇ ಬಾಡೋದು. ಬ್ಯಾಕ್ಟೀರಿಯಾಕ್ಕೆ ಫಂಗಿಸೈಡ್ ಸುರಿದರೆ ಏನು ಪ್ರಯೋಜನ? ಈ ಒಂದು ಪದ ಗೊತ್ತಿದ್ದರೆ ಆ ಎರಡು ಸಲದ ಔಷಧಿ ದುಡ್ಡಾದರೂ ಉಳೀತಿತ್ತು.

ಇದಕ್ಕೆ ಮನೆಯಲ್ಲೇ ಮಾಡೋ ಒಂದು ಪರೀಕ್ಷೆ ಇದೆ. ಇಂಗ್ಲಿಷಿನಲ್ಲಿ ಊಜ್ ಟೆಸ್ಟ್ ಅಂತಾರೆ, ಊಜ್ ಅಂದರೆ ಒಸರು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಚೂಪಾದ ಚಾಕುವಿನಿಂದ ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ಕೊಯ್ದ ತುದಿ ಮುಳುಗುವಂತೆ ಹಿಡಿಯಿರಿ, ಅಲ್ಲಾಡಿಸಬೇಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆಗಳು ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ. ಆ ಎಳೆಯೇ ಸೈನ್. ಎಳೆ ಬರದೆ, ಕೆಳಗಿನ ಎಲೆ ಮೊದಲು ಹಳದಿಯಾಗಿದ್ದು, ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಇದ್ದರೆ ಫ್ಯುಸೇರಿಯಂ ಅನ್ನೋ ಶಿಲೀಂಧ್ರದ ಸೊರಗು ಅಂತ ಅನುಮಾನಿಸಬಹುದು. ಲೋಟದ ನೀರನ್ನು ಹೊಲಕ್ಕೆ ಚೆಲ್ಲಬೇಡಿ, ಕುದಿಸಿ ಚೆಲ್ಲಿ. ಚಾಕುವನ್ನೂ ಕುದಿಯೋ ನೀರಲ್ಲಿ ಅದ್ದಿ.

ಮೂರನೇದು, ಕಾಣದ ರೋಗದ ಪದಗಳು

ಇನ್‌ಕ್ಯುಬೇಶನ್ ಪೀರಿಯಡ್ ಅಂದರೆ ರೋಗಾಣು ಒಳಗೆ ಹೊಕ್ಕ ದಿನದಿಂದ ಲಕ್ಷಣ ಕಾಣೋವರೆಗಿನ ಸಮಯ. ಲೇಟೆಂಟ್ ಅಂದರೆ ಒಳಗೆ ಅಡಗಿ ಕೂತಿರೋದು. ಅಸಿಂಪ್ಟಮ್ಯಾಟಿಕ್ ಅಂದರೆ ರೋಗ ಇದೆ, ಲಕ್ಷಣ ಇಲ್ಲ. ಬಾಳೆ ಕಂದು, ಶುಂಠಿ ಬೀಜ, ದಾಳಿಂಬೆ ಗೂಟಿ ಸಸಿ ತರೋವಾಗ ಈ ಮೂರು ಪದ ನೆನಪಿರಲಿ. ‘ನೋಡೋಕ್ಕೆ ಚೆನ್ನಾಗಿದೆ’ ಅಂದ ಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಸಸಿ ಮಾರುವವರನ್ನು ‘ವೈರಸ್ ಇಂಡೆಕ್ಸಿಂಗ್ ಮಾಡಿಸಿದ್ದೀರಾ?’ ಅಂತ ಕೇಳಿ. ತಾಯಿ ಗಿಡವನ್ನು ಲ್ಯಾಬಿನಲ್ಲಿ ವೈರಸ್ ಪರೀಕ್ಷೆ ಮಾಡಿಸಿ ತೇರ್ಗಡೆ ಆದದ್ದನ್ನೇ ಬಳಸೋದಕ್ಕೆ ಇಂಡೆಕ್ಸಿಂಗ್ ಅನ್ನುತ್ತಾರೆ. ಟಿಶ್ಯೂ ಕಲ್ಚರ್ ಅಂದ ತಕ್ಷಣ ರೋಗಮುಕ್ತ ಅಂತ ತಿಳೀಬೇಡಿ. ತಾಯಿ ಗಿಡದಲ್ಲಿ ವೈರಸ್ ಇದ್ದರೆ ಸಾವಿರ ಸಸಿಗೂ ಅದೇ ಹೋಗಬಹುದು.

ನಾಲ್ಕನೇದು, ಸ್ಯಾಂಪಲ್ ಮತ್ತು ಟೆಸ್ಟ್

ಸ್ಯಾಂಪಲ್ ಅಂದರೆ ಮಾದರಿ. ಲ್ಯಾಬಿನವರು ‘ರೆಪ್ರೆಸೆಂಟೇಟಿವ್ ಸ್ಯಾಂಪಲ್ ತನ್ನಿ’ ಅಂತಾರೆ. ಅಂದರೆ ಇಡೀ ಹೊಲದ ಪರವಾಗಿ ಸಾಕ್ಷಿ ಹೇಳೋ ಮಾದರಿ. ಪೂರ್ತಿ ಸತ್ತು ಒಣಗಿದ ಗಿಡ ತಗೊಂಡು ಹೋದರೆ ಅದರಲ್ಲಿ ಕೊಳೆತಿನಿ ಜೀವಿಗಳೇ ತುಂಬಿರುತ್ತವೆ, ನಿಜವಾದ ಕಳ್ಳ ಸಿಗಲ್ಲ. ಈಗಷ್ಟೇ ರೋಗ ಶುರುವಾದ ಗಿಡ, ಅರ್ಧ ಬಂದ ಗಿಡ, ಜೊತೆಗೆ ಒಂದು ಆರೋಗ್ಯವಂತ ಗಿಡ, ಹೀಗೆ ಮೂರು ಥರದ್ದು ಒಯ್ಯಿರಿ. ಚುಕ್ಕಿ ರೋಗವಾದರೆ ಚುಕ್ಕಿ ಮತ್ತು ಹಸಿರು ಸೇರೋ ಅಂಚು ಇರಲಿ. ಬೇರು ಸಮೇತ ಕೀಳಿ. ಎಲೆಯನ್ನು ಪೇಪರಿನಲ್ಲಿ ಸುತ್ತಿ. ಒದ್ದೆ ಎಲೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಬಿಸಿಲಲ್ಲಿಟ್ಟರೆ ದಾರಿಯಲ್ಲೇ ಕೊಳೆಯುತ್ತೆ. ಪ್ರತಿ ಕಟ್ಟಿಗೂ ಯಾವ ತಾಕು, ಯಾವ ತಳಿ, ಯಾವ ದಿನ, ಏನು ಔಷಧಿ ಹೊಡೆದಿದ್ದೀರಿ ಅಂತ ಚೀಟಿ ಹಾಕಿ.

ಇನ್ನು ಟೆಸ್ಟುಗಳ ಹೆಸರು:

ಕಲ್ಚರ್ ಅಂದರೆ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ ನೋಡೋದು. ಬೆಳೆಯೋಕ್ಕೆ ದಿನಗಳು ಬೇಕು, ಅದಕ್ಕೇ ರಿಪೋರ್ಟ್ ತಡ. ವೈರಸ್ ಹೀಗೆ ತಟ್ಟೆಯಲ್ಲಿ ಬೆಳೆಯಲ್ಲ.

ಎಲೈಸಾ 1971ರ ಸುಮಾರಿಗೆ ಬಂದ ವಿಧಾನ. ರೋಗಾಣುವಿನ ಪ್ರೋಟೀನನ್ನು ಹಿಡಿಯೋ ಆ್ಯಂಟಿಬಾಡಿ ಬಳಸುತ್ತಾರೆ. ಹಿಡಿದರೆ ಬಣ್ಣ ಬರುತ್ತೆ. ನೂರಾರು ಗಿಡ ಒಟ್ಟಿಗೆ ನೋಡಬಹುದು.

ಪಿಸಿಆರ್ ನಮಗೆಲ್ಲ ಕೊರೋನಾ ಕಾಲದಲ್ಲಿ ಪರಿಚಯವಾದದ್ದು. ರೋಗಾಣುವಿನ ಡಿಎನ್‌ಎ ತುಣುಕನ್ನು ನಕಲು ಮಾಡಿ ಮಾಡಿ ಹೆಚ್ಚಿಸೋದು. ಒಂದು ಸುತ್ತಿಗೆ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. 30 ಸುತ್ತಿಗೆ ಒಂದು ತುಣುಕು ಲೆಕ್ಕದ ಪ್ರಕಾರ 100 ಕೋಟಿ ದಾಟುತ್ತೆ. ಅದಕ್ಕೇ ಚೂರೇ ಚೂರು ರೋಗಾಣು ಇದ್ದರೂ ಸಿಕ್ಕಿಬೀಳುತ್ತೆ. ಅಮೆರಿಕದ ಕ್ಯಾರಿ ಮಲ್ಲಿಸ್ ಅವರಿಗೆ ಇದು ಹೊಳೆದದ್ದು 1983ರಲ್ಲಿ, ನೊಬೆಲ್ ಸಿಕ್ಕಿದ್ದು 1993ರಲ್ಲಿ.

ಲ್ಯಾಂಪ್ ಅನ್ನೋದು 2000ದಲ್ಲಿ ಜಪಾನಿನವರು ಪ್ರಕಟಿಸಿದ ವಿಧಾನ. ಪಿಸಿಆರ್‌ಗೆ ಬಿಸಿ ಏರಿಸಿ ಇಳಿಸೋ ಯಂತ್ರ ಬೇಕು. ಲ್ಯಾಂಪ್‌ಗೆ 60ರಿಂದ 65 ಡಿಗ್ರಿಯ ಒಂದೇ ಬಿಸಿ ಸಾಕು. ಅದಕ್ಕೇ ಹೊಲದ ಬದುವಿನ ಮೇಲೇ ಟೆಸ್ಟ್ ಮಾಡೋ ಕನಸು ಕಾಣುವವರು ಇದರ ಹಿಂದೆ ಬಿದ್ದಿರೋದು.

ಸ್ಟ್ರಿಪ್ ಅಥವಾ ಲ್ಯಾಟರಲ್ ಫ್ಲೋ ಟೆಸ್ಟ್ ಗರ್ಭಪರೀಕ್ಷೆ ಕಿಟ್ ಥರದ್ದೇ. ಅದರಲ್ಲಿ ಎರಡು ಗೆರೆ ಬರೋ ಜಾಗ ಇರುತ್ತೆ. ಒಂದು ಟೆಸ್ಟ್ ಲೈನ್, ಇನ್ನೊಂದು ಕಂಟ್ರೋಲ್ ಲೈನ್. ಕಂಟ್ರೋಲ್ ಗೆರೆಯೇ ಬರದಿದ್ದರೆ ಸ್ಟ್ರಿಪ್ ಕೆಟ್ಟಿದೆ ಅಂತ ಅರ್ಥ. ಅದನ್ನು ಇನ್‌ವ್ಯಾಲಿಡ್ ಅಂತಾರೆ, ಅಂದರೆ ಲೆಕ್ಕಕ್ಕಿಲ್ಲ. ನೆಗೆಟಿವ್ ಅಂತ ತಿಳಿದು ಸುಮ್ಮನಾಗಬೇಡಿ.

ಐದನೇದು, ರಿಪೋರ್ಟ್ ಓದುವ ಪದಗಳು

ನಾನು ಎಡವಿದ್ದು ಇಲ್ಲೇ. ನಿಧಾನವಾಗಿ ಓದಿ.

ಪಾಸಿಟಿವ್: ಹುಡುಕಿದ ರೋಗಾಣು ಸಿಕ್ಕಿದೆ. ರೋಗ ಇದೆ.
ನೆಗೆಟಿವ್ ಅಥವಾ ನಾಟ್ ಡಿಟೆಕ್ಟೆಡ್: ಹುಡುಕಿದ ರೋಗಾಣು ಈ ಸ್ಯಾಂಪಲ್ಲಿನಲ್ಲಿ ಸಿಗಲಿಲ್ಲ. ಬೇರೆ ರೋಗವೂ ಇಲ್ಲ ಅಂತ ಇದರ ಅರ್ಥ ಅಲ್ಲ. ಕಳೆದುಹೋದ ಕಪ್ಪು ಹಸು ಹುಡುಕೋಕ್ಕೆ ಹೋದವನು ‘ಕಪ್ಪು ಹಸು ಇರಲಿಲ್ಲ’ ಅಂದರೆ, ಅಲ್ಲಿ ಬಿಳಿ ಹಸು ಇತ್ತೋ ಇಲ್ವೋ ಅವನು ಹೇಳಿಲ್ಲ ತಾನೆ?
ಇನ್‌ಕನ್‌ಕ್ಲೂಸಿವ್: ಹೌದು ಅಂತಲೂ ಹೇಳೋಕ್ಕಾಗಲ್ಲ, ಇಲ್ಲ ಅಂತಲೂ ಹೇಳೋಕ್ಕಾಗಲ್ಲ. ಮತ್ತೆ ಸ್ಯಾಂಪಲ್ ಕೊಡಿ.
ಫಾಲ್ಸ್ ಪಾಸಿಟಿವ್: ರೋಗ ಇಲ್ಲದಿದ್ದರೂ ಇದೆ ಅನ್ನೋದು. ಒಳ್ಳೆ ಗಿಡ ಕಿತ್ತುಹಾಕಿ ನಷ್ಟ.
ಫಾಲ್ಸ್ ನೆಗೆಟಿವ್: ರೋಗ ಇದ್ದರೂ ಇಲ್ಲ ಅನ್ನೋದು. ಸುಮ್ಮನಿದ್ದು ಹೊಲವೆಲ್ಲ ಹರಡಿ ನಷ್ಟ.

ಈ ಎರಡು ತಪ್ಪನ್ನು ಅಳೆಯೋಕ್ಕೆ ಎರಡು ಪದ ಇವೆ. ಸೆನ್ಸಿಟಿವಿಟಿ ಅಂದರೆ ರೋಗ ಇರೋ ನೂರು ಗಿಡದಲ್ಲಿ ಎಷ್ಟನ್ನು ಟೆಸ್ಟ್ ಹಿಡಿಯುತ್ತೆ ಅನ್ನೋದು. ಸ್ಪೆಸಿಫಿಸಿಟಿ ಅಂದರೆ ರೋಗ ಇಲ್ಲದ ನೂರು ಗಿಡದಲ್ಲಿ ಎಷ್ಟನ್ನು ಸರಿಯಾಗಿ ‘ಇಲ್ಲ’ ಅನ್ನುತ್ತೆ ಅನ್ನೋದು.

ಸುಮ್ಮನೆ ಒಂದು ಲೆಕ್ಕ ಹಾಕೋಣ. ಒಂದು ಕಿಟ್ಟಿನ ಸೆನ್ಸಿಟಿವಿಟಿ 90, ಸ್ಪೆಸಿಫಿಸಿಟಿ 95 ಅಂತಿಟ್ಟುಕೊಳ್ಳಿ. ನಿಮ್ಮ ತೋಟದಲ್ಲಿ 1000 ಬಾಳೆ, ಅದರಲ್ಲಿ 100ಕ್ಕೆ ರೋಗ. ಕಿಟ್ಟು 90ನ್ನು ಹಿಡಿಯುತ್ತೆ, 10 ತಪ್ಪಿಸಿಕೊಳ್ಳುತ್ತೆ. ಆರೋಗ್ಯವಾಗಿರೋ 900ರಲ್ಲಿ 45ನ್ನು ಸುಳ್ಳೇ ‘ರೋಗ’ ಅನ್ನುತ್ತೆ. ಒಟ್ಟು 135 ಪಾಸಿಟಿವ್, ಅದರಲ್ಲಿ 45 ಸುಳ್ಳು. ಅಂದರೆ ಮೂರಕ್ಕೆ ಒಂದು! ಈಗ ರೋಗ ಇರೋದು ಬರೀ 10 ಗಿಡಕ್ಕೆ ಅಂದುಕೊಳ್ಳಿ. ಕಿಟ್ಟು 9 ಹಿಡಿಯುತ್ತೆ, ಆದರೆ ಉಳಿದ 990ರಲ್ಲಿ ಸುಮಾರು 50ನ್ನು ಸುಳ್ಳಾಗಿ ಹಿಡಿಯುತ್ತೆ. ಕಿಟ್ಟು ಅದೇ, ಆದರೆ ಪಾಸಿಟಿವ್ ಅಂದದ್ದರಲ್ಲಿ ಹೆಚ್ಚಿನವು ಸುಳ್ಳು. ಅದಕ್ಕೇ ರೋಗ ಅಪರೂಪವಾಗಿರೋ ಕಡೆ ಒಂದು ಟೆಸ್ಟ್ ನಂಬಿ ತೋಟ ಕಡಿಯಬಾರದು. ಕನ್ಫರ್ಮೇಟರಿ ಟೆಸ್ಟ್, ಅಂದರೆ ಖಾತ್ರಿ ಪರೀಕ್ಷೆ ಕೇಳಬೇಕು. ಮೊದಲನೇ ಜರಡಿಗೆ ಸ್ಕ್ರೀನಿಂಗ್ ಅಂತಾರೆ, ಎರಡನೇದಕ್ಕೆ ಕನ್ಫರ್ಮೇಶನ್.

ಆರನೇದು, ಮೊಬೈಲ್ ಆ್ಯಪು ಮತ್ತು ಡ್ರೋನಿನ ಪದಗಳು

ಎಲೆ ಫೋಟೋ ತೆಗೆದರೆ ರೋಗ ಹೇಳೋ ಆ್ಯಪ್ ನಿಮ್ಮಲ್ಲಿ ಹಲವರು ಬಳಸ್ತೀರಿ. ನಾನೂ ಬಳಸ್ತೀನಿ. ಅಲ್ಲಿ ಬರೋ ಎಐ ಅಂದರೆ ಕೃತಕ ಬುದ್ಧಿಮತ್ತೆ. ಅದಕ್ಕೆ ಸಾವಿರಾರು ಫೋಟೋ ತೋರಿಸಿ ‘ಇದು ಈ ರೋಗ’ ಅಂತ ಕಲಿಸ್ತಾರೆ, ಅದು ಟ್ರೈನಿಂಗ್ ಡೇಟಾ. ಎಷ್ಟು ಸರಿ ಹೇಳುತ್ತೆ ಅನ್ನೋದು ಅಕ್ಯುರಸಿ.

‘99 ಪರ್ಸೆಂಟ್ ಅಕ್ಯುರಸಿ’ ಅಂತ ಜಾಹೀರಾತು ನೋಡಿದಾಗ ಈ ಕಥೆ ನೆನಪಿಸಿಕೊಳ್ಳಿ. 2016ರಲ್ಲಿ ಪ್ಲಾಂಟ್‌ವಿಲೇಜ್ ಫೋಟೋ ಸಂಗ್ರಹ ಬಳಸಿ ಒಂದು ಪ್ರಸಿದ್ಧ ಅಧ್ಯಯನ ಪ್ರಕಟವಾಯಿತು. 54,306 ಎಲೆ ಫೋಟೋ, 14 ಬೆಳೆ, 26 ರೋಗ. ಅದೇ ಸಂಗ್ರಹದಿಂದ ಬೇರೆ ಎತ್ತಿಟ್ಟ ಫೋಟೋಗಳ ಮೇಲೆ ಪರೀಕ್ಷೆ ಮಾಡಿದಾಗ ಅಕ್ಯುರಸಿ 99.35 ಪರ್ಸೆಂಟ್. ಆದರೆ ಬೇರೆ ಸನ್ನಿವೇಶದಲ್ಲಿ ತೆಗೆದ, ಬೇರೆ ಕಡೆಯಿಂದ ತಂದ ಫೋಟೋ ಕೊಟ್ಟಾಗ ಸುಮಾರು 31 ಪರ್ಸೆಂಟಿಗೆ ಇಳಿಯಿತು. ಸಂಶೋಧಕರೇ ಇದನ್ನು ಮುಚ್ಚಿಡದೆ ಬರೆದಿದ್ದಾರೆ. ಸಂಗ್ರಹದ ಫೋಟೋಗಳು ಒಂದೊಂದೇ ಎಲೆ ಕಿತ್ತು, ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದವು. ನಮ್ಮ ಹೊಲದಲ್ಲಿ ನೆರಳು, ಧೂಳು, ಪಕ್ಕದ ಎಲೆ, ಎರಡೆರಡು ರೋಗ ಒಟ್ಟಿಗೆ. ಆಗಿನಿಂದ ಈ ತಂತ್ರಜ್ಞಾನ ಮುಂದೆ ಬಂದಿದೆ, ಆದರೂ ಪ್ರಶ್ನೆ ಅದೇ: ‘ಅಕ್ಯುರಸಿ ಎಲ್ಲಿ ಅಳೆದದ್ದು? ಲ್ಯಾಬಿನಲ್ಲೋ, ಹೊಲದಲ್ಲೋ?’

ಕಾನ್ಫಿಡೆನ್ಸ್ ಅಂತ ಆ್ಯಪಿನಲ್ಲಿ ಒಂದು ಅಂಕಿ ಬಂದರೆ, ಅದು ಆ್ಯಪಿಗೆ ತನ್ನ ಉತ್ತರದ ಮೇಲೆ ಇರೋ ಭರವಸೆ. ಭರವಸೆಯಿಂದ ತಪ್ಪು ಹೇಳುವವರು ನಮ್ಮೂರಲ್ಲೂ ಇದ್ದಾರಲ್ಲ, ಹಾಗೇ ಆ್ಯಪೂ ಹೇಳಬಹುದು. ಆ್ಯಪು ಸ್ಕ್ರೀನಿಂಗ್, ಲ್ಯಾಬು ಕನ್ಫರ್ಮೇಶನ್. ಹೀಗೆ ಇಟ್ಟುಕೊಂಡರೆ ಆ್ಯಪು ಒಳ್ಳೆ ಗೆಳೆಯ.

ಡ್ರೋನಿನ ಬಗ್ಗೆ ಮಾತಾಡೋವಾಗ ಎನ್‌ಡಿವಿಐ ಅಂತಾರೆ. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಹಿಂತಿರುಗಿಸುತ್ತೆ. ಇವೆರಡರ ವ್ಯತ್ಯಾಸ ಲೆಕ್ಕ ಹಾಕಿ ಮೈನಸ್ 1ರಿಂದ ಪ್ಲಸ್ 1ರ ನಡುವೆ ಒಂದು ಅಂಕಿ ಕೊಡೋದೇ ಎನ್‌ಡಿವಿಐ. ಅದು ತೋರಿಸೋದು ಸ್ಟ್ರೆಸ್, ಅಂದರೆ ಗಿಡ ಸಂಕಟದಲ್ಲಿದೆ ಅನ್ನೋದು. ನೀರಿಲ್ಲದ ಸಂಕಟವೋ ರೋಗದ ಸಂಕಟವೋ ಅಂತ ಆ ಅಂಕಿ ಒಂದರಿಂದಲೇ ಗೊತ್ತಾಗಲ್ಲ. ಮ್ಯಾಪಿನಲ್ಲಿ ಕೆಂಪಾಗಿ ಕಂಡ ಜಾಗಕ್ಕೆ ನೀವೇ ನಡೆದು ಹೋಗಿ ನೋಡಬೇಕು. ಅದಕ್ಕೂ ಒಂದು ಪದ ಇದೆ, ಗ್ರೌಂಡ್ ಟ್ರೂಥಿಂಗ್. ನೆಲದ ಮೇಲೆ ಸತ್ಯ ನೋಡೋದು ಅಂತ. ನನಗೆ ಬಹಳ ಇಷ್ಟವಾದ ಪದ.

ಏಳನೇದು, ‘ಹೊಸದು ಬಂದಿದೆ’ ಅಂದಾಗ ಬೇಕಾದ ಪದಗಳು

ಇನ್ನೋವೇಶನ್ ಅಂದರೆ ಹೊಸ ಮಾರ್ಗ ಕಂಡುಕೊಂಡು ಬಳಕೆಗೆ ತರೋದು. ಎಲ್ಲವೂ ಕಂಪ್ಯೂಟರೇ ಆಗಬೇಕಾಗಿಲ್ಲ. ನಮ್ಮ ಅಡಿಕೆ ಕೊಳೆರೋಗಕ್ಕೆ ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕಳೆದ ಶತಮಾನದ ಆರಂಭದಲ್ಲಿ ಅಡಿಕೆಗೆ ಹೊಂದಿಸಿದರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಇವತ್ತಿಗೂ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಇದೇ ಹೊಡೆಯೋದು. ಬೇರೆ ಕಡೆಯದನ್ನು ನಮ್ಮ ನೆಲಕ್ಕೆ ಒಗ್ಗಿಸೋದಕ್ಕೆ ಅಡಾಪ್ಟೇಶನ್ ಅಂತಾರೆ.

ಹೊಸ ತಳಿ, ಹೊಸ ಕಿಟ್ಟು, ಹೊಸ ಔಷಧಿ ಅಂದಾಗ ಈ ಪದಗಳನ್ನು ಹುಡುಕಿ:

- ಪ್ರೋಟೋಟೈಪ್: ಮೊದಲ ಮಾದರಿ. ಇನ್ನೂ ಮಾರೋಕ್ಕೆ ಬಂದಿಲ್ಲ.
- ಪೈಲಟ್: ಕೆಲವೇ ಊರುಗಳಲ್ಲಿ ಪ್ರಯೋಗ.
- ಫೀಲ್ಡ್ ಟ್ರಯಲ್: ಹೊಲದಲ್ಲಿ ಪರೀಕ್ಷೆ. ಲ್ಯಾಬಿನಲ್ಲಿ ಗೆದ್ದದ್ದೆಲ್ಲ ಹೊಲದಲ್ಲಿ ಗೆಲ್ಲಲ್ಲ.
- ಕಂಟ್ರೋಲ್ ಪ್ಲಾಟ್: ಔಷಧಿ ಹಾಕದೆ ಹಾಗೇ ಬಿಟ್ಟ ತಾಕು. ಇದಿಲ್ಲದೆ ‘ನಮ್ಮ ಔಷಧಿಯಿಂದಲೇ ವಾಸಿಯಾಯ್ತು’ ಅಂದರೆ ನಂಬಬೇಡಿ. ಮಳೆ ನಿಂತದ್ದಕ್ಕೇ ವಾಸಿಯಾಗಿರಬಹುದು.
- ರೆಪ್ಲಿಕೇಶನ್: ಅದೇ ಪ್ರಯೋಗವನ್ನು ಹಲವು ತಾಕಿನಲ್ಲಿ ಮತ್ತೆ ಮತ್ತೆ ಮಾಡೋದು.
- ಪೀರ್ ರಿವ್ಯೂ: ಬೇರೆ ವಿಜ್ಞಾನಿಗಳು ಪರಿಶೀಲಿಸಿ ಒಪ್ಪಿದ್ದು.
- ಪೇಟೆಂಟ್: ಐಡಿಯಾ ಯಾರದು ಅನ್ನೋ ಹಕ್ಕು. ಚೆನ್ನಾಗಿ ಕೆಲಸ ಮಾಡುತ್ತೆ ಅನ್ನೋ ಸರ್ಟಿಫಿಕೇಟ್ ಅಲ್ಲ!
- ರೆಸಿಸ್ಟೆಂಟ್: ರೋಗ ನಿರೋಧಕ. ಟಾಲರೆಂಟ್: ರೋಗ ಬಂದರೂ ತಡಕೊಂಡು ಫಸಲು ಕೊಡೋದು. ಎರಡೂ ಒಂದೇ ಅಲ್ಲ.

ಹೆಸರುಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊವನ್ನು ‘ಟ್ರಿಪಲ್ ರೆಸಿಸ್ಟೆಂಟ್’ ಅಂತಾರೆ. ಎಲೆ ಮುದುಡು ವೈರಸ್, ದುಂಡಾಣು ಸೊರಗು, ಅರ್ಲಿ ಬ್ಲೈಟ್, ಈ ಮೂರಕ್ಕೆ. ಮೂರಕ್ಕೆ ಮಾತ್ರ! ನಾಲ್ಕನೇದು ಬಂದರೆ ತಳಿಯನ್ನು ಬೈಯಬಾರದು. ಈ ಪದ ಗೊತ್ತಾದ ಮೇಲೆ ನಾನು ಬೀಜ ತರೋವಾಗ ‘ಯಾವುದಕ್ಕೆ ರೆಸಿಸ್ಟೆಂಟ್?’ ಅಂತಲೇ ಕೇಳೋದು. ಸೊರಗು ಬಂದ ಆ ನೆಲದಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕದೆ ರಾಗಿ, ಮುಸುಕಿನ ಜೋಳ ತಿರುಗಿಸಿದ್ದೇನೆ.

ಪದ ಗೊತ್ತಿದ್ದು ಬೇಗ ಕೂಗಿದರೆ ಏನಾಗುತ್ತೆ?

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುಸುಕಿನ ಜೋಳದಲ್ಲಿ ಒಂದು ಹೊಸ ಹುಳ ಕಂಡರು. ತಲೆ ಮೇಲೆ ತಲೆಕೆಳಗಾದ ವೈ ಅಕ್ಷರ, ಹಿಂಬದಿಯಲ್ಲಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಅದೇ ಫಾಲ್ ಆರ್ಮಿವರ್ಮ್, ಅಮೆರಿಕ ಖಂಡದ ಸೈನಿಕ ಹುಳು. ಅದನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು ನಮ್ಮ ರಾಜ್ಯದಲ್ಲಿ. ಹೊರಗಿನಿಂದ ಬಂದು ನೆಲೆಯೂರೋ ಇಂಥ ಕೀಟಕ್ಕೆ ಇನ್‌ವೇಸಿವ್ ಅಂತಾರೆ, ಮೊದಲ ವರದಿಗೆ ಫಸ್ಟ್ ರಿಪೋರ್ಟ್. ಇದು ರೋಗ ಅಲ್ಲ, ಕೀಟ. ಆದರೆ ಪಾಠ ಒಂದೇ: ‘ಇದು ಹಿಂದೆ ನೋಡಿದ್ದಲ್ಲ’ ಅಂತ ಅನ್ನಿಸಿದ್ದನ್ನು ಅಲ್ಲಿಗೇ ಬಿಡದೆ ಪರೀಕ್ಷೆ ಮಾಡಿ ಹೇಳಿದರೆ ಇಡೀ ದೇಶ ಎಚ್ಚರವಾಗುತ್ತೆ. ಹೊಲಕ್ಕೆ ದಿನಾ ಹೋಗುವವರು ನಾವು, ಹೊಸ ಲಕ್ಷಣ ಮೊದಲು ಕಾಣೋದೂ ನಮಗೇ.

ಫೋನ್ ಮಾಡುವಾಗ ಹೀಗೆ ಹೇಳಿ

ಕಿಸಾನ್ ಕಾಲ್ ಸೆಂಟರ್ ನಂಬರ್ 1800-180-1551, ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ಸಾರ್, ಗಿಡ ಹಾಳಾಗ್ತಿದೆ, ಏನ್ ಹೊಡೀಲಿ?’ ಅಂತ ಕೇಳಿದರೆ ಅವರಾದರೂ ಏನು ಹೇಳ್ತಾರೆ? ಈ ಐದನ್ನು ಹೇಳಿ:

1. ಬೆಳೆ, ತಳಿ, ಎಷ್ಟು ದಿನದ ಗಿಡ.
2. ಸಿಂಪ್ಟಮ್ ಏನು, ಮೊದಲು ಎಲ್ಲಿ ಶುರುವಾಯ್ತು: ಕೆಳಗಿನ ಎಲೆಯೋ, ಚಿಗುರೋ, ಕಾಯಿಯೋ.
3. ಸೈನ್ ಏನಾದರೂ ಕಂಡಿತಾ: ಪುಡಿ, ಬೂಜು, ಒಸರು, ಹುಳ.
4. ಹೊಲದಲ್ಲಿ ಪ್ಯಾಟರ್ನ್ ಹೇಗಿದೆ: ಅಲ್ಲೊಂದು ಇಲ್ಲೊಂದಾ, ನೀರು ಹರಿಯೋ ಸಾಲಿನಲ್ಲಾ, ಒಟ್ಟಿಗೇ ಎಲ್ಲ ಕಡೆನಾ. ಒಂದೇ ದಿನ ಎಲ್ಲ ಗಿಡಕ್ಕೂ ಬಂದಿದ್ದರೆ ರೋಗಕ್ಕಿಂತ ಔಷಧಿ ಸುಟ್ಟದ್ದೋ, ಕೊರತೆಯೋ ಇರಬಹುದು.
5. ಏನು ಹೊಡೆದಿದ್ದೀರಿ, ಯಾವಾಗ.

ಲ್ಯಾಬಿನಲ್ಲಾದರೆ ಮೂರು ಪ್ರಶ್ನೆ ಕೇಳಿ: ‘ಯಾವ ರೋಗಾಣುಗೆ ಟೆಸ್ಟ್ ಮಾಡಿದ್ರಿ? ಯಾವ ಟೆಸ್ಟ್? ಕನ್ಫರ್ಮೇಶನ್ ಬೇಕಾ?’ ಕೇಳೋಕ್ಕೆ ನಾಚಿಕೆ ಬೇಡ. ದುಡ್ಡು ನಮ್ಮದು, ಹೊಲ ನಮ್ಮದು.

ಈ ಪದಗಳನ್ನು ಫೋನಿನ ನೋಟ್ಸಿನಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ. ಹೊಸ ಪದ ಕಂಡಾಗ ಸೇರಿಸ್ತಾ ಹೋಗಿ. ಮನೆಯಲ್ಲಿ ಅಪ್ಪ ಅಮ್ಮನಿಗೂ ಹೇಳಿ, ಯಾಕಂದ್ರೆ ರಿಪೋರ್ಟ್ ಕೈಗೆ ಬಂದಾಗ ನೀವು ಊರಲ್ಲಿಲ್ಲದೇ ಇರಬಹುದು. ಹೋದ ವರ್ಷ ನಮ್ಮ ಪಕ್ಕದ ತೋಟದ ಹುಡುಗ ಒಂದು ರಿಪೋರ್ಟ್ ಹಿಡಕೊಂಡು ನಗ್ತಾ ಬಂದ, ‘ಅಣ್ಣಾ, ನೆಗೆಟಿವ್!’ ಅಂದ. ಪಕ್ಕದಲ್ಲೇ ಕೂತಿದ್ದ ನಮ್ಮಪ್ಪ ಕೇಳಿದರು, ‘ಯಾವುದಕ್ಕೆ ನೆಗೆಟಿವ್ವಪ್ಪಾ?’

ಆ ಪ್ರಶ್ನೆ ಕೇಳೋದನ್ನು ಅವರು ಕಲಿತದ್ದು ಒಂದೂವರೆ ಎಕರೆ ಕೊಟ್ಟು. ನಿಮಗೆ ಬಿಟ್ಟಿಯಾಗಿ ಸಿಕ್ಕಿದೆ, ಬಳಸಿಕೊಳ್ಳಿ. ಮುಂದಿನ ವಾರ ಸಿಗೋಣ.